ಮೂಗಿನ ಸರದಿ

ಜುಲೈ ೭, ಭಾನುವಾರ

ಇವತ್ತಿಗೆ ಮುಗಿಯಿತು. ಇನ್ನು ಆ ಚರ್ಚಿನ ಮೆಟ್ಟಿಲು ಹತ್ತುವುದಿಲ್ಲ. ದರ್ಜಿಯ ಮುಖಕ್ಕೇ ಹೇಳಿ ಬಂದಿದ್ದೇನೆ. ನಾಳೆ ಮನಸ್ಸು ಮೆತ್ತಗಾದರೆ ಓದಿಕೊಳ್ಳಲಿಕ್ಕೆಂದು ಇಲ್ಲೂ ಬರೆದಿಡುತ್ತೇನೆ.

ನನ್ನ ಹೆಂಡತಿ ತೀರಿಕೊಂಡು ಒಂದು ವರ್ಷವಾಯಿತು. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಅದರ ಬ್ರೆಡ್ಡು ಅಪ್ಪನ ಕಾಲದಿಂದಲೂ ನಮ್ಮ ಬೇಕರಿಯದೇ. ವರ್ಷದ ನೆನಪಿಗೆ ಇರಲಿ ಎಂದು, ಇವಳು ಅಂಚಿಗೆ ಕಸೂತಿ ಹಾಕಿದ್ದ ಬಿಳಿ ಬಟ್ಟೆಯನ್ನು ಟ್ರಂಕಿನಿಂದ ತೆಗೆದು ಬಿಸಿ ಬ್ರೆಡ್ಡನ್ನು ಅದರಲ್ಲಿ ಸುತ್ತಿ ಒಯ್ದೆ.

ನಮ್ಮ ಸಭೆಯಲ್ಲಿ ಒಂದು ಕ್ರಮವಿದೆ. ಯೇಸುವಿನ ನೆನಪಿಗೆ ತಿನ್ನುವ ಆ ಬ್ರೆಡ್ಡಿನಲ್ಲಿ ಯಾರೂ ತಮ್ಮ ತುಂಡನ್ನು ತಾವೇ ಮುರಿದುಕೊಳ್ಳುವಂತಿಲ್ಲ. ಪಕ್ಕದವರು ಮುರಿದು ಅಂಗೈಗೆ ಇಟ್ಟು "ಇದು ನಿನಗಾಗಿ" ಅನ್ನಬೇಕು. ಅವರಿಂದ ಪಡೆದವರು ತಮ್ಮ ಪಕ್ಕದವರಿಗೆ ಹಾಗೇ ಕೊಡಬೇಕು. ಸಾಲಿನ ಕೊನೆಯವರು ತಟ್ಟೆಯನ್ನು ಮುಂದೆ ಒಯ್ದು ಇಡುತ್ತಾರೆ. ನಮ್ಮ ಸಾಲಿನ ಕೊನೆಯ ಜಾಗ ಇವಳದಾಗಿತ್ತು. ಒಂದು ವರ್ಷದಿಂದ ಅದು ಖಾಲಿ, ಕೊನೆಯವನು ನಾನು. ದರ್ಜಿ ನನಗೆ ಕೊಡುತ್ತಾನೆ. ನಾನು ಯಾರಿಗೂ ಕೊಡದೆ ತಟ್ಟೆ ಎತ್ತಿಕೊಂಡು ಹೋಗುತ್ತೇನೆ.

ಇವತ್ತು ಬ್ರೆಡ್ಡು ಬಾಯಿಗಿಟ್ಟವರೆಲ್ಲ ಮುಖ ಕಿವುಚಿದರು. ಚರ್ಚಿನ ಗಂಟೆ ಹೊಡೆಯುವ ಅಜ್ಜಿ, ಗಂಟೆಗಿಂತ ಅವಳ ಗಂಟಲೇ ಜೋರು, ಅವಳು ಎಲ್ಲರಿಗೂ ಕೇಳುವಂತೆ ಕೆಮ್ಮಿದಳು. ಪಾದ್ರಿ ಎರಡು ಸಲ ನೀರು ಕುಡಿದರು. ಹೊರಗೆ ಬಂದಮೇಲೆ ದರ್ಜಿ ನನ್ನ ಹೆಗಲ ಮೇಲೆ ಕೈ ಹಾಕಿ, "ಬೇಜಾರು ಮಾಡ್ಕೋಬೇಡ ಕಣೋ. ಬ್ರೆಡ್ಡು ಹಳೇ ಟ್ರಂಕಿನ ವಾಸನೆ ಹೊಡೀತಿತ್ತು. ನುಸಿಗುಳಿಗೆ ನುಂಗಿದ ಹಾಗಾಯ್ತು," ಅಂದ.

ಅಂಥ ದಿನ ಅಂಥ ಮಾತು. "ನನ್ನ ಹೆಂಡ್ತಿ ಬಟ್ಟೆ ನಿನಗೆ ನಾತ ಹೊಡೀತಾ?" ಅಂದೆ. ಅವನು ಏನೋ ಹೇಳಲು ಬಾಯಿ ತೆರೆದ. ನಾನು ಕೇಳಲಿಲ್ಲ. ನಲವತ್ತು ವರ್ಷ ಪಕ್ಕದಲ್ಲಿ ಕೂತವನು. ಇವರ ಸಹವಾಸವೇ ಬೇಡ. ಇನ್ನು ನಾನುಂಟು, ನನ್ನ ದೇವರುಂಟು.

ಜುಲೈ ೮, ಸೋಮವಾರ

ದರ್ಜಿ ಹೇಳಿದ್ದು ನಿಜ. ಅದಕ್ಕೇ ಅವನ ಮೇಲೆ ಸಿಟ್ಟು ಇನ್ನೂ ಹೆಚ್ಚಾಗಿದೆ.

ಬೆಳಗ್ಗೆ ಟ್ರಂಕು ತೆಗೆದು ನೋಡಿದೆ. ಬಟ್ಟೆಯ ಮಡಿಕೆ ಇದ್ದ ಕಡೆ ನುಸಿಗುಳಿಗೆಗಳು ಗೋಲಿಗಳಂತೆ ಉರುಳಾಡುತ್ತಿದ್ದವು. ಒಂದನ್ನು ಮೂಗಿಗೆ ಹಿಡಿದೆ. ಏನೂ ಇಲ್ಲ. ಸುಣ್ಣದ ಕಲ್ಲು ಹಿಡಿದ ಹಾಗೆ.

ಇದನ್ನು ಈ ಡೈರಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ. ಕಳೆದ ತಿಂಗಳು ಬಂದ ಶೀತಜ್ವರ ಹೋಗುವಾಗ ನನ್ನ ಮೂಗನ್ನೂ ಜೊತೆಗೆ ಒಯ್ದಿತು. ಡಾಕ್ಟರು "ಬಂದ್ರೂ ಬರಬಹುದು, ಬರದೇನೂ ಇರಬಹುದು" ಅಂದರು. ಇಷ್ಟು ಹೇಳಲು ಅಷ್ಟು ವರ್ಷ ಓದಬೇಕಿತ್ತೆ?

ನಮ್ಮದು ಸೌದೆಯ ಭಟ್ಟಿ. ನಡುವೆ ಬಾಗಿಲು ತೆಗೆದರೆ ಗಾಳಿ ಬಡಿದು ಬ್ರೆಡ್ಡು ಕುಸಿಯುತ್ತದೆ. ಬಾಗಿಲ ಸಂದಿಗೆ ಮೂಗು ಕೊಟ್ಟೇ ಹದ ತಿಳಿಯಬೇಕು. "ಗಡಿಯಾರ ನೋಡಿ ಬ್ರೆಡ್ಡು ತೆಗೆಯೋನು ಸ್ಟೇಷನ್ ಮಾಸ್ತರಾಗ್ಲಿ" ಅನ್ನುತ್ತಿದ್ದರು ಅಪ್ಪ. ಈಗ ನಾನು ಗಡಿಯಾರ ನೋಡುತ್ತೇನೆ. ಒಂದು ದಿನ ಹಸಿ, ಒಂದು ದಿನ ಕರಕಲು. ಸೌದೆಗೆ ಗಡಿಯಾರದ ಭಾಷೆ ತಿಳಿಯುವುದಿಲ್ಲ. ಬೇಕರಿಯವನ ಮೂಗು ಹೋಯಿತೆಂದು ಸುದ್ದಿ ಹೊರಗೆ ಬಿದ್ದರೆ ಬೇಕರಿಯೂ ಹೋಯಿತೆಂದೇ ಲೆಕ್ಕ. ಅಪ್ಪನ ಭಟ್ಟಿ ನನ್ನ ಕೈಯಲ್ಲಿ ಆರಬಾರದು.

ಟ್ರಂಕಿನಲ್ಲಿ ಇವಳ ಬಟ್ಟೆಗಳೂ ಇವೆ. ಮೊದಲೆಲ್ಲ ಒಮ್ಮೊಮ್ಮೆ ಮುಚ್ಚಳ ತೆಗೆದು ಮುಖ ಹುದುಗಿಸುತ್ತಿದ್ದೆ. ಇವತ್ತೂ ಹುದುಗಿಸಿದೆ. ಏನೂ ಸಿಗಲಿಲ್ಲ. ಅತ್ತುಬಿಟ್ಟೆ.

ಜುಲೈ ೧೪, ಭಾನುವಾರ

ಮನೆಯಲ್ಲೇ ಆರಾಧನೆ. ನಾನು, ಒಂದು ಕುರ್ಚಿ, ದೇವರು. ಎಷ್ಟು ನೆಮ್ಮದಿ. ಪಾದ್ರಿಯ ಪ್ರಸಂಗದ ನಡುವೆ ಅಜ್ಜಿಯ ಗೊರಕೆಯಿಲ್ಲ, ಮುಗಿಯದ ಪ್ರಕಟಣೆಗಳಿಲ್ಲ, ಹಿಂದಿನ ಬೆಂಚಿನಿಂದ ಒದೆಯುವ ಮಕ್ಕಳಿಲ್ಲ.

ಹಾಡುವಾಗ ಮಾತ್ರ ಎಡವಟ್ಟಾಯಿತು. ಚರ್ಚಿನ ಗಾಯಕರಲ್ಲಿ ನಾನು ಮೊದಲಿನಿಂದಲೂ ಕೆಳದನಿಯವನು. ಯಾವ ಹಾಡಾದರೂ ನನಗೆ ಗೊತ್ತಿರುವುದು ಕೆಳಗಿನ ದನಿಯ ಭಾಗ ಮಾತ್ರ, ಮೇಲಿನ ರಾಗ ಬೇರೆಯವರ ಪಾಲು. ಒಬ್ಬನೇ ಹಾಡಿದರೆ ಯಾರೋ ಮಂಚ ಎಳೆಯುತ್ತಿರುವ ಹಾಗೆ ಕೇಳುತ್ತದೆ. ಎರಡನೇ ಚರಣಕ್ಕೆ ನಿಲ್ಲಿಸಿ ಪ್ರಾರ್ಥನೆ ಮಾಡಿದೆ. ಅದು ಬೇಗ ಮುಗಿಯಿತು. ಬೇಡಿಕೊಳ್ಳಲು ನನ್ನ ಮೂಗೊಂದೇ ಇತ್ತು.

ಜುಲೈ ೧೭, ಬುಧವಾರ

ಪಾದ್ರಿ ಬಂದಿದ್ದರು. ಚಿಕ್ಕ ಹುಡುಗ, ಮೀಸೆ ಇನ್ನೂ ನೆಟ್ಟಗೆ ಬಂದಿಲ್ಲ, ನನಗೆ ಬುದ್ಧಿ ಹೇಳಬೇಕು.

"ಭಾನುವಾರ ನಿಮ್ಮ ಜಾಗ ಖಾಲಿ ಇತ್ತಲ್ಲ ಅಣ್ಣ," ಅಂದರು.

"ದೇವರು ನಮ್ಮನೇಲೂ ಇದಾನೆ ಸ್ವಾಮಿ. ಅವನೂ ನಾನೂ ಮಾತಾಡ್ಕೋತೀವಿ. ನಡುವೆ ದಲ್ಲಾಳಿಗಳು ಯಾಕೆ?"

"ಇದಾನೆ, ಇದಾನೆ. ಆದ್ರೆ ಅವನಿಗೊಂದು ಅಭ್ಯಾಸ ನೋಡಿ, ಒಬ್ಬನೇ ಬರಲ್ಲ. ಬಾಗಿಲು ತೆಗೆದ್ರೆ ಹಿಂದೆ ನಾಲ್ಕು ಜನ ನಿಂತಿರ್ತಾರೆ."

"ಹಾಗಾದ್ರೆ ಬಾಗಿಲು ಹಾಕಿರೋದೇ ವಾಸಿ," ಅಂದೆ. ನಕ್ಕರು. ತಟ್ಟೆಯಲ್ಲಿ ಎರಡು ಬಿಸ್ಕತ್ತು ಇಟ್ಟಿದ್ದೆ. ತಳ ಕಪ್ಪಾಗಿತ್ತೆಂದು ಅವರು ತಿರುಗಿಸಿ ನೋಡಿದಾಗಲೇ ನನಗೂ ಕಂಡದ್ದು. ಎರಡನ್ನೂ ತಿಂದು ಹೋದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಜುಲೈ ೧೯, ಶುಕ್ರವಾರ

ಸೆಕೆಯೆಂದು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಊಟ ಮಾಡುತ್ತಿದ್ದೆ. ಓಣಿ ಅಪರೂಪಕ್ಕೆ ನಿಶ್ಶಬ್ದವಾಗಿತ್ತು. ಇಷ್ಟು ಸೆಕೆಯಲ್ಲೂ ಎಲ್ಲರೂ ಕಿಟಕಿ ಮುಚ್ಚಿಕೊಂಡಿದ್ದರು, ಏನು ರೋಗವೋ. ಆಗ ನಾದಿನಿ ಬಂದಳು. ಇವಳ ತಂಗಿ, ಎರಡು ಬೀದಿ ಆಚೆಯ ಶಾಲೆಯಲ್ಲಿ ಟೀಚರು. ಮೂಗಿಗೆ ಕರವಸ್ತ್ರ ಒತ್ತಿಕೊಂಡು ನನ್ನನ್ನೂ ನನ್ನ ತಟ್ಟೆಯನ್ನೂ ನೋಡುತ್ತ ನಿಂತಳು.

"ಭಾವ, ಇಲ್ಲಿ ಕೂತು ಊಟ ಮಾಡ್ತಿದೀರಾ?"

"ಯಾಕೆ, ಮೆಟ್ಟಿಲಿಗೆ ಬಾಡಿಗೆ ಕೊಡಬೇಕಾ?"

ಅವಳು ತಿರುಗಿ ಹೊರಟುಬಿಟ್ಟಳು. ಕಣ್ಣಲ್ಲಿ ನೀರಿತ್ತು. ಟೀಚರುಗಳೇ ಹೀಗೆ, ಸಣ್ಣ ಮಾತಿಗೂ ಮುನಿಸು.

ಜುಲೈ ೨೪, ಬುಧವಾರ

ಬೆಳಕು ಹರಿಯುವ ಮೊದಲೇ ಗಂಟೆ ಅಜ್ಜಿ ಬಾಗಿಲು ಬಡಿದಳು. ಬೀದಿಗೆ ಬೀದಿಯೇ ಎದ್ದಿತು.

"ನಿದ್ದೆ ಬರಲ್ಲ ಮಗ. ನಿನ್ನ ಭಟ್ಟಿ ಹತ್ರ ಬೆಚ್ಚಗಿರತ್ತೆ, ಒಂದು ಗಳಿಗೆ ಕೂತ್ಕೋತೀನಿ."

ಒಂದು ಗಳಿಗೆಯಂತೆ. ಮೈದಾ ಮೂಟೆಯ ಮೇಲೆ ಕೂತು ಮೊಮ್ಮಗಳ ಹಲ್ಲಿನ ಕಥೆ ಶುರುಮಾಡಿದಳು. ನಾನು ಗಡಿಯಾರ ನೋಡುತ್ತಲೇ ಇದ್ದೆ. ಕಥೆಯ ನಡುವೆ ತಟ್ಟನೆ, "ತೆಗೆಯೋ ಸಾಕು, ನನಗೆ ಹಸಿವು," ಅಂದಳು. ಬಾಯಿ ಮುಚ್ಚಿಸೋಣ ಎಂದು ತೆಗೆದೆ. ಬ್ರೆಡ್ಡು ಸರಿಯಾಗಿ ಬೆಂದಿತ್ತು. ಕುರುಡು ಅದೃಷ್ಟ. ನಾಳೆಯೂ ಬರುತ್ತಾಳಂತೆ.

ಜುಲೈ ೩೦, ಮಂಗಳವಾರ

ನನ್ನನ್ನು ನೆಮ್ಮದಿಯಾಗಿ ಒಂಟಿಯಾಗಿರಲು ಬಿಡುವವರು ಈ ಊರಲ್ಲಿ ಒಬ್ಬರೂ ಇಲ್ಲ.

ಬೆಳಗಿನ ಜಾವ ಅಜ್ಜಿ. ಅವಳು ಎದ್ದು ಹೋದಳೋ ಇಲ್ಲವೋ, ಶಾಲೆಗೆ ಹೋಗುವ ದಾರಿಯಲ್ಲಿ ನಾದಿನಿ. "ಭಾವ, ಬನ್ನು ಈಗಲೇ ಬೇಕು, ಮಕ್ಕಳಿಗೆ," ಎಂದು ಭಟ್ಟಿಯ ಮುಂದೆ ನಿಂತು ಅವಸರ ಮಾಡುತ್ತಾಳೆ. ಬನ್ನು ಇಳಿಸುವವರೆಗೂ ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಸಂಜೆಗೆ ಆ ದರ್ಜಿ. ಒಳಗೆ ಬರುವ ಧೈರ್ಯವಿಲ್ಲ, ಹಿಂದಿನ ಓಣಿಯ ದೀಪದ ಕಂಬಕ್ಕೆ ಒರಗಿ ನಿಂತು ಕೆಮ್ಮುತ್ತಾನೆ. ಬಿಸ್ಕತ್ತು ಒಳಗಿಟ್ಟು ಸ್ವಲ್ಪ ಹೊತ್ತಾಗಿರುತ್ತದೆ ಅಷ್ಟೇ, ಶುರು. ಆ ಕೆಮ್ಮು ಕೇಳಲಾರದೆ ಕಿಟಕಿ ಮುಚ್ಚಲು ಏಳುತ್ತೇನೆ, ಎದ್ದ ಮೇಲೆ ಭಟ್ಟಿಯನ್ನೂ ನೋಡುತ್ತೇನೆ, ಬಿಸ್ಕತ್ತು ಹದವಾಗಿರುತ್ತದೆ. ಕ್ಷಯ ಗಿಯ ಇದ್ದರೆ ಆಸ್ಪತ್ರೆಗೆ ಹೋಗಬಾರದೆ?

ಒಂದು ಸಮಾಧಾನ. ಬಿಟ್ಟುಹೋಗಿದ್ದ ಗಿರಾಕಿಗಳು ತಿರುಗಿ ಬರುತ್ತಿದ್ದಾರೆ. ನನ್ನ ಅಂದಾಜು ಕುದುರಿದೆ. ಮೂಗಿಲ್ಲದೆಯೂ ಬೇಯಿಸಬಲ್ಲೆ ಎಂದು ಸಾಧಿಸಿಬಿಟ್ಟೆ, ಅದೂ ಯಾರ ಹಂಗಿಲ್ಲದೆ.

ಆಗಸ್ಟ್ ೪, ಭಾನುವಾರ

ಕರ್ತನ ಭೋಜನದ ದಿನ. ಚರ್ಚಿಗೆ ಬ್ರೆಡ್ಡು ಕಳಿಸಲಿಲ್ಲ. ಅಂಗಡಿಯಿಂದ ಏನನ್ನೋ ತಂದುಕೊಳ್ಳಲಿ, ಆಗ ಬೆಲೆ ತಿಳಿಯುತ್ತದೆ.

ಮನೆಯಲ್ಲೇ ಮಾಡೋಣ ಎಂದು ಮೇಜು ಒರೆಸಿ, ಚಿಕ್ಕ ಬ್ರೆಡ್ಡು, ಲೋಟದಲ್ಲಿ ದ್ರಾಕ್ಷಾರಸ ಇಟ್ಟುಕೊಂಡು ಕೂತೆ. ಪ್ರಾರ್ಥನೆ ಆಯಿತು. ಬ್ರೆಡ್ಡು ಮುರಿದೆ. ಮುರಿದದ್ದನ್ನು ಯಾರ ಕೈಗೆ ಇಡುವುದು? ಬಲಗೈಯಿಂದ ಎಡಗೈಗೆ ಇಟ್ಟೆ. "ಇದು ನಿನಗಾಗಿ" ಎಂದು ನನಗೆ ನಾನೇ ಹೇಳಿಕೊಳ್ಳಲು ಹೋದೆ, ನಾಲಿಗೆ ಏಳಲಿಲ್ಲ. ಕೊನೆಗೆ ಚಹಾದಲ್ಲಿ ಅದ್ದಿ ತಿಂದೆ. ದೇವರು ಕ್ಷಮಿಸಲಿ, ಅವನೇ ತಾನೆ ಇಲ್ಲಿ ಇರುವುದು.

ಮಧ್ಯಾಹ್ನ ಇವಳ ಬಟ್ಟೆಯನ್ನು ಮತ್ತೆ ಒಗೆದೆ. ಎಷ್ಟನೇ ಸಲವೋ. ನುಸಿಗುಳಿಗೆಯ ವಾಸನೆ ಹೋಯಿತೋ ಇಲ್ಲವೋ ನನಗೆ ತಿಳಿಯುವುದಿಲ್ಲ. ಕೇಳೋಣವೆಂದರೆ ಯಾರನ್ನು ಕೇಳಲಿ?

ಆಗಸ್ಟ್ ೯, ಶುಕ್ರವಾರ

ಸಿಟ್ಟು ಇನ್ನೂ ಇಳಿದಿಲ್ಲ. ಬರೆಯುತ್ತೇನೆ.

ಸಂಜೆ ದರ್ಜಿಯ ಕೆಮ್ಮಿನ ಬದಲು ಅಜ್ಜಿ ಬಂದಳು, ಹಿಂದೆಯೇ ನಾದಿನಿ.

"ಏನಜ್ಜಿ, ಬೆಳಗ್ಗೆ ಕೂತಿದ್ದು ಸಾಲ್ದಾ?" ಅಂದೆ.

"ದರ್ಜಿ ಮಲಗಿದಾನೆ ಮಗ. ಓಣೀಲಿ ನಿಂತು ನಿಂತು ಸುಳ್ಳು ಕೆಮ್ಮು ನಿಜವಾಗೋಯ್ತು. ಅದಕ್ಕೆ ಇವತ್ತು ಸಂಜೆ ಸರದಿನೂ ನಂದೇ."

"ಯಾವ ಸರದಿ?"

ಅಜ್ಜಿ ಬಾಯಿ ಮುಚ್ಚಿಕೊಂಡಳು. ಅವಳ ಜನ್ಮದಲ್ಲಿ ಅದೇ ಮೊದಲಿರಬೇಕು. ನಾದಿನಿ ನೆಲ ನೋಡುತ್ತ, "ಮೂಗಿನ ಸರದಿ ಭಾವ," ಅಂದಳು.

ಎಲ್ಲ ಹೊರಗೆ ಬಂತು. ನಾನು ಮೆಟ್ಟಿಲ ಮೇಲೆ ಊಟ ಮಾಡಿದ ದಿನ ಓಣಿಯ ಚರಂಡಿ ಒಡೆದು ಜನ ಉಸಿರಾಡಲು ಆಗದೆ ಕಿಟಕಿ ಮುಚ್ಚಿಕೊಂಡಿದ್ದರಂತೆ. ನಾನೊಬ್ಬ ಚಪ್ಪರಿಸಿ ಉಣ್ಣುತ್ತಿದ್ದೆನಂತೆ. ನುಸಿಗುಳಿಗೆಯ ಬ್ರೆಡ್ಡು ನೆನಪಾಗಿ ನಾದಿನಿಗೆ ಅರ್ಥವಾಯಿತಂತೆ. ಪಾದ್ರಿಗೆ ಹೇಳಿದಳು, ದರ್ಜಿಗೆ ಹೇಳಿದಳು, ಅಜ್ಜಿಗೆ ಹೇಳಿದಳು. ಅಜ್ಜಿಗೆ ಹೇಳಿದ ಮೇಲೆ ಇನ್ನು ಯಾರಿಗೆ ಹೇಳುವುದು ಬಾಕಿ? ಬೇಯುವ ಹೊತ್ತಿಗೆ ಒಬ್ಬರಲ್ಲ ಒಬ್ಬರು ನನ್ನ ಪಕ್ಕ ಇರಬೇಕೆಂದು ಮಾತಾಡಿಕೊಂಡರಂತೆ.

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಬಾಗಿಲು ಹಾಕ್ತಿದ್ರಿ."

ಅದನ್ನೇ ಮಾಡಿದೆ. ಇಬ್ಬರನ್ನೂ ಹೊರಗೆ ಕಳಿಸಿ, ಹಿಂದೆ ಮುಂದೆ ಎರಡೂ ಬಾಗಿಲಿಗೆ ಚಿಲಕ ಹಾಕಿದೆ. ನಾನೇನು ಇವರ ಭಿಕ್ಷೆಯ ತಟ್ಟೆಯೇ? ನನ್ನ ಅಂದಾಜು ಅಂದುಕೊಂಡಿದ್ದೆಲ್ಲ ಆ ಮುದುಕಿಯ ಹಸಿವು, ಆ ಬಡ್ಡಿಮಗನ ಕೆಮ್ಮು. ನಾಚಿಕೆಯಾಗುತ್ತಿದೆ. ಬಿಸ್ಕತ್ತು ಒಳಗೇ ಇತ್ತು. ಕರಕಲಾಯಿತು.

ಆಗಸ್ಟ್ ೧೦, ಶನಿವಾರ

ಯಾರೂ ಬರಲಿಲ್ಲ. ನೆಮ್ಮದಿ.

ಆಗಸ್ಟ್ ೧೨, ಸೋಮವಾರ

ಯಾರೂ ಬರಲಿಲ್ಲ. ಬೆಳಗಿನ ಬ್ರೆಡ್ಡು ನಡುವೆ ಹಸಿ. ಗಿರಾಕಿಯೊಬ್ಬಳು ತಿರುಗಿ ತಂದು ಮೇಜಿನ ಮೇಲೆ ಇಟ್ಟು ಹೋದಳು.

ಮೊಮ್ಮಗಳ ಹಲ್ಲು ಏನಾಯಿತೋ.

ಆಗಸ್ಟ್ ೧೪, ಬುಧವಾರ

ಇನ್ನು ಆಗುವುದಿಲ್ಲ. ಈ ತಿಂಗಳ ಕೊನೆಗೆ ಭಟ್ಟಿ ಆರಿಸುತ್ತೇನೆ. ಅಪ್ಪ ಕಟ್ಟಿದ್ದು ನನ್ನ ಕೈಯಲ್ಲೇ ಮುಗಿಯಬೇಕೆಂದಿದ್ದರೆ ಮುಗಿಯಲಿ. ಬರೆಯಲು ಬೇರೇನೂ ಇಲ್ಲ.

ಆಗಸ್ಟ್ ೧೬, ಶುಕ್ರವಾರ

ಇವಳ ಬಟ್ಟೆಯನ್ನು ಮತ್ತೆ ಒಗೆದು ಭಟ್ಟಿಯ ಮೇಲಿನ ತಂತಿಗೆ ಹಾಕಿದ್ದೆ. ಮಧ್ಯಾಹ್ನದ ಮೇಲೆ ಅತ್ತ ಬೆನ್ನು ಹಾಕಿ ಹಿಟ್ಟು ನಾದುತ್ತಿದ್ದೆ. ಅದು ಯಾವಾಗ ಜಾರಿ ಭಟ್ಟಿಯ ಕಾದ ತಗಡಿನ ಮೇಲೆ ಬಿತ್ತೋ ನನಗೆ ಗೊತ್ತಿಲ್ಲ. ಹಿಂಬಾಗಿಲಿಗೆ ಧಡ್ ಎಂದು ಏಟು ಬಿತ್ತು. ಇನ್ನೊಂದು ಏಟಿಗೆ ಚಿಲಕ ಕಿತ್ತು ನೆಲಕ್ಕೆ ಹಾರಿತು. ದರ್ಜಿ ಒಳಗೆ ನುಗ್ಗಿ, ನನ್ನನ್ನು ಪಕ್ಕಕ್ಕೆ ನೂಕಿ, ಹೊಗೆಯಾಡುತ್ತಿದ್ದ ಬಟ್ಟೆಯನ್ನು ಬರಿಗೈಯಲ್ಲಿ ಎಳೆದು ನೀರಿನ ಬಕೆಟ್ಟಿಗೆ ಅದ್ದಿದ. ತಿರುಗಿ ನೋಡಿದರೆ ತಗಡಿನ ಪಕ್ಕದಲ್ಲೇ ಸೌದೆಯ ರಾಶಿ. ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ಭಟ್ಟಿ ಆರಿಸುವ ಕೆಲಸವೇ ಇರುತ್ತಿರಲಿಲ್ಲ, ನಾನೂ ಇರುತ್ತಿರಲಿಲ್ಲ.

ನಾನು ಕೇಳಿದ್ದು ಏನು? "ನೀನ್ಯಾಕೆ ಇಲ್ಲಿದೀಯ? ಬರಬೇಡಿ ಅಂದಿದ್ದೆನಲ್ಲ."

"ಒಳಗೆ ಬರಬೇಡಿ ಅಂದೆ. ಓಣಿ ನಿಮ್ಮಪ್ಪಂದಾ?" ಅಂದ ಅವನು, ಕೈಗೆ ಊದಿಕೊಳ್ಳುತ್ತ. ಹಾಸಿಗೆ ಬಿಟ್ಟು ಎದ್ದಾಗಿನಿಂದ ದಿನವೂ ಅಲ್ಲೇ ನಿಲ್ಲುತ್ತಿದ್ದನಂತೆ, ಕೆಮ್ಮದೆ. "ಬಟ್ಟೆ ಸುಟ್ಟ ವಾಸನೆ ನನಗೆ ತಿಳೀದೆ ಇನ್ಯಾರಿಗೆ ತಿಳಿಯತ್ತೆ? ಹುಟ್ಟಿದಾಗಿಂದ ಇಸ್ತ್ರಿ ಪೆಟ್ಟಿಗೆ ಹಿಡಿದಿದೀನಿ."

ಬಟ್ಟೆಯ ಒಂದು ಮೂಲೆ ಹೋಗಿತ್ತು, ಕಸೂತಿ ಸಮೇತ. ನನಗೆ ತಡೆಯಲಾಗಲಿಲ್ಲ. ಅವನೆದುರೇ ಮೂಟೆಯ ಮೇಲೆ ಕೂತು ಅತ್ತೆ. "ಇವಳ ವಾಸನೆ ಹೋಯ್ತು ಕಣೋ. ಟ್ರಂಕಿನಲ್ಲೂ ಸಿಗ್ತಿಲ್ಲ," ಅಂದೆ. ಅದನ್ನು ನಾನು ಯಾರಿಗೂ ಹೇಳಬಾರದೆಂದಿದ್ದೆ, ಅವನಿಗಂತೂ.

ಅವನು ಪಕ್ಕದಲ್ಲಿ ಕೂತ. "ಅವತ್ತು ನಾನು ಬಾಯಿ ಮುಚ್ಕೊಂಡು ಇರಬೇಕಿತ್ತು," ಅಂದ.

"ನಿಜ ತಾನೆ ಹೇಳಿದ್ದು."

"ನಿಜಾನೇ. ಆದ್ರೂ."

ಕೈ ಸುಟ್ಟ ಜಾಗಕ್ಕೆ ಮುಲಾಮು ಹಚ್ಚಿದೆ. ಹೋಗುವಾಗ ಬಟ್ಟೆಯನ್ನು ಹಿಂಡಿ ಬಗಲಲ್ಲಿಟ್ಟುಕೊಂಡು ಹೋದ, ನನ್ನನ್ನು ಒಂದು ಮಾತು ಕೇಳದೆ. ಇವನಿಗೆ ಯಾವತ್ತೂ ಕೇಳುವ ಅಭ್ಯಾಸವಿಲ್ಲ.

ಆಗಸ್ಟ್ ೨೦, ಮಂಗಳವಾರ

ಹಿಂಬಾಗಿಲಿಗೆ ಚಿಲಕವಿಲ್ಲದ್ದರಿಂದ ಅಜ್ಜಿ ಈಗ ಬಡಿಯುವುದೂ ಇಲ್ಲ, ಸೀದಾ ಒಳಗೆ ಬರುತ್ತಾಳೆ. ಮೊಮ್ಮಗಳ ಹಲ್ಲು ಬಿತ್ತಂತೆ, ಇನ್ನೊಂದು ಅಲ್ಲಾಡುತ್ತಿದೆಯಂತೆ. ನಾನೇ ಕೇಳಿದ್ದು ತಪ್ಪಾಯಿತು, ಬ್ರೆಡ್ಡು ಬೇಯುವವರೆಗೂ ಹೇಳಿದಳು.

ಈಗ ಹಸಿವಿನ ನಾಟಕ ಇಲ್ಲ. ಭಟ್ಟಿಯ ಸಂದಿಗೆ ಮೂಗು ಕೊಟ್ಟು, "ಇನ್ನೂ ಹಿಟ್ಟಿನ ವಾಸನೆ ಇದೆ ಮಗ. ತಡಿ. ತಡಿ. ಹಾಂ, ಈಗ," ಅನ್ನುತ್ತಾಳೆ. ಅಂಗಡಿಗೆ ಬಂದವರಿಗೂ ಸಾರುತ್ತಾಳೆ, "ನಮ್ಮ ಬೇಕರಿಯವನಿಗೆ ಮೂಗಿಲ್ಲ, ನಾನೇ ಮೂಗು." ಮಾನ ಮೂರು ಕಾಸಿಗೆ ಹೋಯಿತು. ಆದರೆ ಗಿರಾಕಿ ಯಾರೂ ಬಿಟ್ಟು ಹೋಗಲಿಲ್ಲ. ಒಬ್ಬಾತ ತಾನೂ ಒಂದು ಸಲ ಮೂಸಿ ನೋಡಲೇ ಎಂದು ಕೇಳಿದ. ಇದೇನು ತಮಾಷೆಯೇ?

ಆಗಸ್ಟ್ ೩೧, ಶನಿವಾರ

ನಾಳೆ ಕರ್ತನ ಭೋಜನ. ಬ್ರೆಡ್ಡು ಕೊಡುತ್ತೇನೆ ಎಂದು ನಾನು ಹೇಳಿಯೇ ಇಲ್ಲ. ಸಂಜೆ ಮೂವರೂ ಭಟ್ಟಿಯ ಮುಂದೆ ಹಾಜರು. ಹಿಂದೆಯೇ ಪಾದ್ರಿ, ಬಿಸ್ಕತ್ತಿಗಾಗಿ.

ಅಜ್ಜಿ, "ಆಯ್ತು ತೆಗಿ."

ನಾದಿನಿ, "ಇನ್ನೂ ಇಲ್ಲ ಅಜ್ಜಿ."

ದರ್ಜಿ, "ಇಬ್ಬರೂ ಸರೀರಿ, ನಾನು ನೋಡ್ತೀನಿ."

ಒಂದು ಭಟ್ಟಿಗೆ ಮೂರು ಮೂಗು, ಮೂರಕ್ಕೂ ಬೇರೆ ಬೇರೆ ಅಭಿಪ್ರಾಯ. ತಲೆ ಚಿಟ್ಟು ಹಿಡಿಯಿತು. "ಯಾರಾದ್ರೂ ಒಬ್ಬರು ಹೇಳ್ರಪ್ಪ, ಸುಟ್ಟು ಹೋಗತ್ತೆ," ಅಂದೆ. ಪಾದ್ರಿ ನನ್ನನ್ನೇ ನೋಡಿ, "ಹಿಂದೆ ನಾಲ್ಕು ಜನ ಇರ್ತಾರೆ ಅಂದಿದ್ದೆನಲ್ಲ ಅಣ್ಣ," ಎಂದು ನಕ್ಕರು. ಅವರಿಗೆ ಇವತ್ತು ಬಿಸ್ಕತ್ತು ಕೊಡಲಿಲ್ಲ.

ಭಟ್ಟಿ ಆರಿಸುತ್ತೇನೆಂದು ಬರೆದಿದ್ದ ದಿನ ಇವತ್ತೇ. ಸೋಮವಾರಕ್ಕೆ ಸೌದೆ ಹೇಳಿದ್ದೇನೆ.

ಸೆಪ್ಟೆಂಬರ್ ೧, ಭಾನುವಾರ

ದರ್ಜಿ ಬೆಳಗ್ಗೆ ಬಟ್ಟೆ ತಂದುಕೊಟ್ಟ. ಸುಟ್ಟ ಮೂಲೆಗೆ ಬೇರೆ ಬಿಳಿ ಬಟ್ಟೆ ಸೇರಿಸಿ ಹೊಲಿದಿದ್ದಾನೆ. ಕಸೂತಿ ಹಾಕಲೂ ಹೋಗಿದ್ದಾನೆ. ಇವಳ ಹೂವಿನ ಪಕ್ಕದಲ್ಲಿ ಅವನದು ಕೋಸುಗಡ್ಡೆ. ಹಾಗೆಂದೇ ಹೇಳಿದೆ. "ಪ್ಯಾಂಟು ಹೊಲಿಯೋನ ಹತ್ರ ಹೂವು ಕೇಳಿದ್ರೆ ಇನ್ನೇನು ಬರತ್ತೆ," ಅಂದ. ಬ್ರೆಡ್ಡನ್ನು ಅದರಲ್ಲೇ ಸುತ್ತಿದೆ.

ಚರ್ಚಿನಲ್ಲಿ ನನ್ನ ಜಾಗಕ್ಕೆ ಹೋಗಿ ಕೂತೆ. ದರ್ಜಿ ಎಡಕ್ಕೆ. ಬಲಕ್ಕೆ ಖಾಲಿ ಜಾಗ. ಹಾಡು ಶುರುವಾಗುವ ಹೊತ್ತಿಗೆ ನಾದಿನಿ ಮುಂದಿನ ಸಾಲಿನಿಂದ ಎದ್ದು ಬಂದು, "ಸ್ವಲ್ಪ ಸರೀರಿ ಭಾವ," ಎಂದು ಆ ಕೊನೆಯ ಜಾಗದಲ್ಲಿ ಕೂತಳು. ಅವಳಕ್ಕನ ಜಾಗ. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವಳು ಮೇಲಿನ ರಾಗ ಹಿಡಿದಳು, ನಾನು ಕೆಳಗಿನದು. ಮಂಚ ಎಳೆದಂತೆ ಕೇಳಲಿಲ್ಲ.

ತಟ್ಟೆ ಬಂತು. ದರ್ಜಿ ಮುರಿದು ನನ್ನ ಅಂಗೈಗೆ ಇಟ್ಟ. ಅವನ ಬೆರಳಿಗೆ ಇನ್ನೂ ಪಟ್ಟಿ ಇತ್ತು. "ಇದು ನಿನಗಾಗಿ," ಅಂದ. ನಾನು ತಿಂದೆ. ಅಭ್ಯಾಸಬಲದಿಂದ ತಟ್ಟೆ ಎತ್ತಿಕೊಂಡು ಏಳಲು ಹೋದೆ. ಪಕ್ಕದಲ್ಲಿ ಕೈ ಚಾಚಿತ್ತು.

ಮುರಿದೆ. ಕೊಟ್ಟೆ. "ಇದು ನಿನಗಾಗಿ," ಅಂದದ್ದು ಅರ್ಧವೇ ಹೊರಗೆ ಬಂತು. ಅವಳಿಗೆ ಕೇಳಿಸಿರಬೇಕು. ಮುಂದಿನ ಬೆಂಚಿನಲ್ಲಿ ಅಜ್ಜಿ ತನ್ನ ತುಂಡನ್ನು ಮೂಸಿ, "ಈ ಸಲ ಟ್ರಂಕಿಲ್ಲ," ಎಂದು ಪಿಸುಗುಟ್ಟಿದಳು. ಅವಳ ಪಿಸುಮಾತು ಬಾಗಿಲಲ್ಲಿ ನಿಂತವರಿಗೂ ಕೇಳಿಸಿತು. ಪಾದ್ರಿ ಮುಖ ತಿರುಗಿಸಿಕೊಂಡು ನಕ್ಕರು. ಶಿಸ್ತಿಲ್ಲದ ಸಭೆ.

ಹೊರಗೆ ಬಂದಮೇಲೆ ನಾದಿನಿಯ ಕೈಗೆ ಬಟ್ಟೆ ಕೊಟ್ಟು ಕೇಳಿದೆ. "ಏನು ವಾಸನೆ ಬರತ್ತೆ ಹೇಳಮ್ಮ. ಸುಳ್ಳು ಹೇಳಬೇಡ."

ಅವಳು ಬಟ್ಟೆಗೆ ಮುಖವಿಟ್ಟು ಮೂಸಿದಳು. "ಸುಟ್ಟ ವಾಸನೆ ಚೂರು ಇದೆ. ಸೋಪು ಇದೆ. ಮಿಕ್ಕಿದ್ದೆಲ್ಲ ಬ್ರೆಡ್ಡು," ಅಂದಳು. "ಅಕ್ಕನ ಕೈ ವಾಸನೆನೂ ಇದೇ ಅಲ್ವಾ ಭಾವ. ಇಷ್ಟು ವರ್ಷ ನಿಮ್ಮ ಜೊತೆ ಹಿಟ್ಟು ನಾದಿದ ಕೈ."

ಹೌದು. ಅದೇ. ನನಗೆ ಮರೆತೇ ಹೋಗಿತ್ತು.

ಬಟ್ಟೆಯನ್ನು ಟ್ರಂಕಿಗೆ ಹಾಕಲಿಲ್ಲ, ಭಟ್ಟಿಯ ಕೋಣೆಯ ಗೂಟಕ್ಕೆ ನೇತುಹಾಕಿದ್ದೇನೆ. ನಾಳೆ ಬೆಳಕು ಹರಿಯುವ ಮೊದಲೇ ಅಜ್ಜಿ ಬರುತ್ತಾಳೆ, ಆ ಎರಡನೇ ಹಲ್ಲಿನ ಕಥೆ ಕೇಳಬೇಕು. ಹಿಂಬಾಗಿ‌ಲಿಗೆ ಒಂದು ಚಿಲಕ ಹಾಕಿಸಬೇಕು, ಯಾರು ಬೇಕಾದರೂ ನುಗ್ಗುತ್ತಾರೆ. ಬಡಗಿಯ ಅಂಗಡಿ ಎದುರಿಗೇ ಇದೆ. ಪುರುಸೊತ್ತೇ ಆಗುತ್ತಿಲ್ಲ.